ಅಕ್ಕನ ಧಾಟಿ ಬೇರೆಯವರದಾದ ದಿನ

ನಾನು ಚಿಕ್ಕವನಿದ್ದಾಗ ನಾವು ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯಲ್ಲಿದ್ದೆವು. ಎಲ್ಲೆಡೆ ಕಾಯಿಲೆ ಹರಡಿ ಶಾಲೆಗಳು ಬಾಗಿಲು ಹಾಕಿದ್ದ ವರ್ಷ. ಸಂಜೆಯಾದರೆ ಅಕ್ಕನ ಗೆಳತಿ ನಮ್ಮ ಗ್ಯಾರೇಜಿಗೆ ಬರುತ್ತಿದ್ದಳು. ಬಾಗಿಲನ್ನು ಪೂರ್ತಿ ಎತ್ತಿ, ಒಂದು ಮೂಲೆಯಲ್ಲಿ ಅಕ್ಕ ಪಿಟೀಲು ನುಡಿಸಿದರೆ ಇನ್ನೊಂದು ಮೂಲೆಯಲ್ಲಿ ಅವಳು ಹಾಡುತ್ತಿದ್ದಳು. ಅವಳ ತಂದೆತಾಯಿ ಮೆಕ್ಸಿಕೋದಿಂದ ಬಂದವರು. ತಂದೆ ಮದುವೆಗಳಲ್ಲಿ ಟ್ರಂಪೆಟ್ ಊದುತ್ತಿದ್ದರು. ಇವಳು ಪುಟ್ಟವಳಿದ್ದಾಗಲೇ ಅವರ ಪಕ್ಕ ಕುರ್ಚಿ ಮೇಲೆ ನಿಂತು ಹಾಡಿದವಳಂತೆ. ಅಮ್ಮ ಕೊಟ್ಟ ಚಕ್ಕುಲಿಗೆ ನಿಂಬೆಹಣ್ಣು ಹಿಂಡಿ, ಖಾರದಪುಡಿ ಉದುರಿಸಿ ತಿನ್ನುತ್ತಿದ್ದಳು. ಅವಳ ದನಿಯಲ್ಲೊಂದು ಸಣ್ಣ ಬಿರುಕಿತ್ತು, ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು.

ಅಲ್ಲೇ ಅಕ್ಕ ಒಂದು ಧಾಟಿ ಕಟ್ಟಿದಳು. ನಾನು ವಾಷಿಂಗ್ ಮಷೀನ್ ಮೇಲೆ ಕೂತು ನೋಡುತ್ತಿದ್ದೆ. ಗೆಳತಿ ಅದಕ್ಕೆ ಸ್ಪ್ಯಾನಿಷ್ ಮಾತು ಸೇರಿಸಿ ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಇಂಟರ್ನೆಟ್ಟಿಗೆ ಹಾಕಿ ಜಗತ್ತಿಗೆಲ್ಲ ಕೇಳಿಸಿದಳು. ಅಲ್ಲಿಂದ ಅವಳ ಅದೃಷ್ಟ ತೆರೆಯಿತು. ಲಾಸ್ ಏಂಜಲೀಸ್ ಸೇರಿದಳು. ಫ್ರೀವೇ ಬದಿಯ ದೊಡ್ಡ ಬೋರ್ಡುಗಳಲ್ಲಿ ಅವಳ ಮುಖ ಕಾಣಿಸತೊಡಗಿತು.

ಒಂದು ದಿನ ಅವಳೇ ಫೋನ್ ಮಾಡಿ, ತನ್ನ ದೊಡ್ಡ ಕಾರ್ಯಕ್ರಮದಲ್ಲಿ ಆ ಹಾಡಿಗೆ ಅಕ್ಕನೇ ನುಡಿಸಬೇಕೆಂದಳು. ಅಪ್ಪ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೊರಟರು. ಅಕ್ಕ ತೊಡೆಯ ಮೇಲೆ ಪಿಟೀಲಿನ ಪೆಟ್ಟಿಗೆ ಇಟ್ಟುಕೊಂಡೇ ಕೂತಿದ್ದಳು. ಎಡಗಡೆ ಸಮುದ್ರ, ಕಾರಿನೊಳಗೆ ಪುಳಿಯೋಗರೆ ವಾಸನೆ.

ಲಾಸ್ ಏಂಜಲೀಸ್‌ನ ಆ ಬಯಲು ರಂಗಮಂದಿರದ ಹಿಂಬಾಗಿಲಲ್ಲಿ ಕಾವಲಿನವನು ಅಕ್ಕನನ್ನು ಒಳಗೆ ಬಿಡಲಿಲ್ಲ. ಅಪ್ಪ ವಾದ ಮಾಡುತ್ತಿದ್ದಾಗ ಗೆಳತಿ ಮಿಂಚುವ ಬಟ್ಟೆಯಲ್ಲಿ ಹೊರಗೆ ಬಂದಳು. ಕಾರ್ಯಕ್ರಮದವರಿಗೆ ಬೇರೆ ಥರದ ಸೌಂಡ್ ಬೇಕಂತೆ, ನೀನು ಮುಂದಿನ ಸಾಲಲ್ಲಿ ಕೂತು ನೋಡು ಎಂದು ಇಂಗ್ಲಿಷಿನಲ್ಲಿ ಹೇಳಿ, ಅಕ್ಕನ ಕೆನ್ನೆ ತಟ್ಟಿ ಒಳಗೆ ಹೋದಳು. ಅಕ್ಕ “ಓಕೆ” ಎಂದಳಷ್ಟೇ. ಅಪ್ಪ ಪಿಟೀಲನ್ನು ಕಾರಿನಲ್ಲಿಟ್ಟು ಬಂದರು.

ಸೂರ್ಯ ಇಳಿಯುವ ಹೊತ್ತಿಗೆ ಆ ಹಾಡು ಬಂತು. ಹಾಡುವ ಮುಂಚೆ ಅವಳು ಮೈಕಿನಲ್ಲಿ, “ಈ ಧಾಟಿ ನನ್ನ ಅಜ್ಜಿಯದು. ರೊಟ್ಟಿ ತಟ್ಟುತ್ತಾ ನನಗಾಗಿ ಗುನುಗುತ್ತಿದ್ದಳು” ಎಂದಳು. ನಮ್ಮ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು.

“ಅವಳು ಯಾವ ಅಜ್ಜೀನೂ ನೋಡೇ ಇಲ್ಲ, ಅಪ್ಪಾ,” ಎಂದಳು ಅಕ್ಕ. “ಅಜ್ಜಿ ಅಂದ್ರೆ ಹೇಗಿರ್ತಾರೆ ಅಂತ ನನ್ನನ್ನೇ ಕೇಳ್ತಿದ್ಲು.”

“ಏಳಮ್ಮ, ಹೋಗೋಣ.”

“ಬೇಡ. ಹಾಡು ಮುಗೀಲಿ.”

ಸುತ್ತ ಎಲ್ಲರೂ ಚಪ್ಪಾಳೆ ತಟ್ಟುವಾಗ ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದಳು.

ವಾಪಸ್ ಡ್ರೈವ್ ಮಾಡುತ್ತಾ ಅಪ್ಪ, “ಲಾಯರ್ ಹತ್ರ ಹೋಗೋಣ್ವಾ?” ಎಂದು ಕೇಳಿದರು.

“ಟ್ಯೂನ್ ಯಾರದು ಅಂತ ಅವಳಿಗೆ ಗೊತ್ತು. ಗೊತ್ತಿದ್ದೂ ಹಾಗಂದ್ಲು. ಅದಕ್ಕೆ ಲಾಯರ್ ಏನ್ ಮಾಡ್ತಾರಪ್ಪಾ?” ಅಷ್ಟು ಹೇಳಿ ಅಕ್ಕ ಕಿಟಕಿಯ ಕಡೆ ತಿರುಗಿದಳು.

ಮುಂದೆ ಆ ಗೆಳತಿ ಪ್ರಶಸ್ತಿಗಳನ್ನು ಗೆದ್ದಳು, ದೇಶದೇಶ ಸುತ್ತಿದಳು. ಹೋದಲ್ಲೆಲ್ಲ ಆ ಅಜ್ಜಿಯ ಕಥೆ ಬೆಳೆಯಿತು. ಅಜ್ಜಿಗೊಂದು ಊರು ಬಂತು, ಅಂಗಳ ಬಂತು. ಆಗಾಗ ಫೋನ್ ಮಾಡುತ್ತಿದ್ದಳು, ಅಕ್ಕ ಎತ್ತಲಿಲ್ಲ. ಅಕ್ಕ ಪಿಟೀಲು ಬಿಡಲಿಲ್ಲ, ಆ ಧಾಟಿಯನ್ನು ಮಾತ್ರ ಮತ್ತೆಂದೂ ನುಡಿಸಲಿಲ್ಲ. ನನಗಂತೂ ಆ ಸಿಟ್ಟು ಇಂದಿಗೂ ಆರಿಲ್ಲ.

ಮಕ್ಕಳೇ, ನಿಮಗೀಗ ಹಾಡು ಬೇಕೆಂದರೆ ಬಾಯಿಬಿಟ್ಟು ಹೇಳಿದರೆ ಸಾಕು, ಯಂತ್ರ ಕ್ಷಣದಲ್ಲಿ ಕಟ್ಟಿಕೊಡುತ್ತದೆ. ಇದು ಯಾರದು ಎಂದು ಕೇಳಿದರೆ, “ಯಾರದೂ ಅಲ್ಲ, ತಾತ” ಎಂದು ನಗುತ್ತೀರಿ. ಯಾರದೂ ಅಲ್ಲದ್ದನ್ನು ಯಾರೂ ಕದಿಯಲಾರರು, ನಿಜ. ಆದರೆ ನಮ್ಮ ಕಾಲದಲ್ಲಿ ಧಾಟಿ ಒಬ್ಬರ ಬೆರಳುಗಳಿಂದ ಹುಟ್ಟುತ್ತಿತ್ತು. ಆ ಬೆರಳುಗಳು ನನ್ನ ಅಕ್ಕನವು. ನಾನು ಕಣ್ಣಾರೆ ನೋಡಿದ್ದೇನೆ.