ಹಳದಿ ಬಣ್ಣದ ಕೆಳಗಿನ ಅಂಕಿ

ಫ್ರೋಯ್ಲಾನ್ ಸತ್ತಾಗ ಸಾಂತಿಯಾಗೊದ ಆ ಇಳಿಜಾರು ಬೀದಿಯವರೆಲ್ಲ ಒಂದೇ ಮಾತು ಹೇಳಿದರು: ಪುಕ್ಕಲನಾದರೂ ಒಳ್ಳೆಯ ಮನುಷ್ಯ. ಮಗಳು ಒಡಾಲ್ಮಿಸ್‌ಗೂ ಅದು ಸುಳ್ಳೆನಿಸಲಿಲ್ಲ. ಪಕ್ಕದಲ್ಲಿ ಒಬ್ಬರು ಕೂರುವ ತೊಟ್ಟಿಲು ಸಮೇತ ಮೋಟಾರ್‌ಸೈಕಲ್ ಇಟ್ಟುಕೊಂಡೂ ಅಪ್ಪ ಬಂದರಿನ ಮೀನಂಗಡಿ ದಾಟಿ ಹೋದವನಲ್ಲ. ಗಾಡಿ ಮನೆಗೆ ಬಂದ ದಿನದಿಂದ ಅಮ್ಮ ಎದೆಲ್ಮಿರಾ ಕೇಳಿದ್ದು ಒಂದೇ, ಹಬ್ಬದ ದಿನ ಎಲ್ ಕೋಬ್ರೆ ಇಗರ್ಜಿಯ ಮಾತೆಯ ಹತ್ತಿರ ಇದರಲ್ಲಿ ಕರೆದುಕೊಂಡು ಹೋಗು ಎಂದು. ಅರ್ಧ ಗಂಟೆಯ ದಾರಿ. ಪ್ರತಿ ಸೆಪ್ಟೆಂಬರ್‌ನಲ್ಲೂ ಅವನದು ಅದೇ ರಾಗ: "ರಸ್ತೆ ಸರಿಯಿಲ್ಲ ಕಣೇ."

ಅಮ್ಮನಿಗೀಗ ಎಂಬತ್ತೊಂದು. ಮೆಟ್ಟಿಲು ಹತ್ತಿದರೆ ತುಟಿ ನೀಲಿಗಟ್ಟುತ್ತದೆ. ಈ ಸೆಪ್ಟೆಂಬರ್ ತಪ್ಪಿದರೆ ಇನ್ನೊಂದು ಸಿಗುತ್ತದೆಂದು ನಂಬಲು ಒಡಾಲ್ಮಿಸ್‌ಗೆ ಧೈರ್ಯವಿರಲಿಲ್ಲ. ಆಸ್ಪತ್ರೆಯ ಹೊದಿಕೆಗಳನ್ನು ಹೊಲಿಯುವ ಕೈ, ಕೆಟ್ಟು ನಿಂತಿದ್ದ ಗಾಡಿಯ ರಿಪೇರಿಗೆ ಮೊದಲ ಬಾರಿಗೆ ಸ್ಪ್ಯಾನರ್ ಹಿಡಿಯಿತು. ಬೀದಿಯವರು ನಕ್ಕರು. ನಗಲಿ! ಇಂಜಿನ್ನಿನ ಸಂದಿ ಮುಚ್ಚುವ ಗ್ಯಾಸ್ಕೆಟ್ಟನ್ನು ಅವಳು ಅಂಗಿಯ ಕಾಲರಿನಂತೆ ಅಳತೆ ತೆಗೆದು, ಹಳೆಯ ಪಾತ್ರೆಯ ಮುಚ್ಚಳದಿಂದ ಕತ್ತರಿಸಿದಳು. ಬೇರಾವುದೋ ಪಂಪಿನ ಪಿಸ್ಟನ್ನನ್ನು ನೆರೆಮನೆಯ ಲೇತ್ ಕೆಲಸದ ಮುದುಕ ಎವಾರಿಸ್ಟೊ ಇದಕ್ಕೆ ಹೊಂದುವಂತೆ ಕಡೆದುಕೊಟ್ಟ. ತೊಟ್ಟಿಲ ಸೀಟನ್ನು ತಗ್ಗಿಸಿ, ಅಮ್ಮನ ಬೆನ್ನಿಗೆ ದಿಂಬು ಹೊಲಿದು, ಹಿಡಿದುಕೊಳ್ಳಲು ಕಂಬಿ ಕೂರಿಸಿದಳು. ಬಣ್ಣವಂತೂ ಮಾತೆಗೆ ಪ್ರಿಯವಾದ ಹಳದಿಯೇ ಆಗಬೇಕಿತ್ತು.

ಎಡವಟ್ಟಾದದ್ದು ಆ ಬಣ್ಣದ ಹುಚ್ಚಿನಲ್ಲೇ. ಹ್ಯಾಂಡಲ್ಲಿನ ಕೆಳಗೆ, ಚೌಕಟ್ಟಿನ ಕುತ್ತಿಗೆಯಲ್ಲಿ, ಅಪ್ಪ ವರ್ಷವರ್ಷವೂ ಬಳಿದ ಬಣ್ಣ ರೊಟ್ಟಿಯಷ್ಟು ದಪ್ಪಗಿತ್ತು. ಕೆರೆದಾಗ ಒರಟು ಉಬ್ಬುತಗ್ಗು ಕಂಡಿತು. ಬೆಸುಗೆಯ ಗಂಟೆಂದುಕೊಂಡು ಎರಡು ಸಂಜೆ ಅರ ಹಾಕಿ ಕನ್ನಡಿಯಂತೆ ಉಜ್ಜಿದಳು. ಹಳದಿ ಒಣಗಿದ ಮೇಲೆ ನೋಡಲು ಬಂದ ಎವಾರಿಸ್ಟೊ ಅಲ್ಲೇ ಬೆರಳಾಡಿಸಿ ನಿಂತುಬಿಟ್ಟ.

"ನಂಬರ್ ಎಲ್ಲಮ್ಮಾ?"

"ಯಾವ ನಂಬರ್?"

"ಅಯ್ಯೋ ತಾಯಿ! ಚೌಕಟ್ಟಿನ ನಂಬರ್! ಗಾಡಿ ಪರೀಕ್ಷೆಯವ್ರು ಕಾಗದ ಇಟ್ಟು ಪೆನ್ಸಿಲ್ ಉಜ್ಜೋದು ಇಲ್ಲೇ ಅಲ್ವಾ. ನಂಬರ್ ಇಲ್ದಿದ್ರೆ ಗಾಡಿ ಕಳವಿನ ಮಾಲು ಅಂತ್ಲೇ ಲೆಕ್ಕ. ಅಲ್ಲೇ ಹಿಡ್ಕೊಂಡ್ಬಿಡ್ತಾರೆ."

ಪರೀಕ್ಷೆಗೆ ಇನ್ನು ಮೂರು ದಿನ. ಅಲ್ಲಿ ಕೊಡುವ ಚೀಟಿಯಿಲ್ಲದೆ ಎಲ್ ಕೋಬ್ರೆ ದಾರಿಯ ಪೊಲೀಸ್ ಚೌಕಿ ದಾಟುವಂತಿಲ್ಲ. ಅಂದಿನಿಂದ ಬೀದಿಯಲ್ಲಿ ಬೂಟಿನ ಸದ್ದಾದರೆ ಒಡಾಲ್ಮಿಸ್‌ಳ ಹೊಲಿಗೆಯ ಸೂಜಿ ಬೆರಳಿಗೇ ಚುಚ್ಚುತ್ತಿತ್ತು.

"ಅಂಕಿಯ ಅಚ್ಚು ನನ್ನ ಹತ್ರ ಇವೆ," ಎಂದ ಎವಾರಿಸ್ಟೊ ಮಾರನೆಯ ದಿನ. "ಗಾಡಿ ಕಾಗದ ನೋಡ್ಕೊಂಡು ಸುತ್ತಿಗೆಲಿ ಹೊಡೆದ್ರೆ ಆಯ್ತು."

"ಬೇಡ ಮಾಮ, ಸಿಕ್ಕಿಬಿದ್ರೆ ಜೈಲು. ನಾನು ಒಳಗೆ ಹೋದ್ರೆ ಅಮ್ಮನಿಗೆ ಯಾರು?"

"ಅಪ್ಪನಂಥ ಮಗಳು!" ಮುದುಕ ನಕ್ಕ. "ಸರಿ, ಹಾಗಾದ್ರೆ ನಿಜಾನೇ ತೋರ್ಸೋಣ. ಅಚ್ಚು ಹೊಡೆದ ಏಟು ಉಕ್ಕಿನ ಒಳಗಡೆ ಉಳ್ಕೊಂಡಿರುತ್ತೆ. ಆಸಿಡ್ ಸವರಿದ್ರೆ ಮೇಲೆ ಬರುತ್ತೆ. ಅದನ್ನೇ ಸಾಹೇಬ್ರ ಮುಂದಿಟ್ಟು, ಗೊತ್ತಾಗ್ದೆ ಉಜ್ಜಿದೆ ಅಂತ ಹೇಳು."

ಅವಳಿಗೆ ಹೋದ ಜೀವ ಬಂದಂತಾಯಿತು. ಬಣ್ಣ ಕೆರೆದರು. ಎವಾರಿಸ್ಟೊ ಹತ್ತಿಯನ್ನು ಆಸಿಡ್‌ನಲ್ಲಿ ಅದ್ದಿ ಮೆಲ್ಲಗೆ ಸವರತೊಡಗಿದ. ಹೊಳೆಯುವ ಉಕ್ಕು ಮಂಕಾಯಿತು. ಆಮೇಲೆ ಬೂದಿಬಣ್ಣದ ಗೆರೆಗಳೆದ್ದವು. ಒಡಾಲ್ಮಿಸ್ ಗಾಡಿಯ ಕಾಗದ ಹಿಡಿದು ಒಂದೊಂದನ್ನೂ ಹೋಲಿಸಿದಳು. ನಾಲ್ಕು, ನಾಲ್ಕು, ಒಂದು, ಏಳು. ಸರಿಯಾಗಿತ್ತು! ಅವಳು ಮಾತೆಯನ್ನು ನೆನೆದು ಶಿಲುಬೆಯ ಗುರುತು ಹಾಕಿಕೊಂಡಳು.

ಎವಾರಿಸ್ಟೊ ಮಾತ್ರ ಹತ್ತಿ ಬಿಡಲಿಲ್ಲ. ಇನ್ನೊಮ್ಮೆ ಸವರಿದ. ಆ ನಾಲ್ಕು ಅಂಕಿಗಳ ಹಿಂದಿನಿಂದ ಬೇರೆ ಅಂಕಿಗಳು ಬಂದವು. ಅಗಲವಾದವು, ಆಳವಾದವು, ಕಾರ್ಖಾನೆಯಲ್ಲಿ ಹೊಡೆದಂತೆ ಸಾಲಾಗಿ ಕೂತವು. ಎರಡು, ಸೊನ್ನೆ, ಆರು, ಮೂರು.

"ಯಾರೋ ಮೊದ್ಲೇ ನಂಬರ್ ಬದಲಾಯ್ಸಿದ್ದಾರೆ. ನಿಮ್ಮಪ್ಪ ಇದನ್ನ ಯಾರ ಹತ್ರ ತಗೊಂಡಿದ್ದ?" ಮುದುಕ ಕೇಳಿದ. ಈಗ ಅವನ ದನಿಯೂ ಸಣ್ಣಗಾಗಿತ್ತು.

ಅವಳಿಗೆ ಗೊತ್ತಿರಲಿಲ್ಲ. ಇನ್ನು ಕೇಳಲು ಅಪ್ಪನೂ ಇರಲಿಲ್ಲ. ಬೇರೆಲ್ಲವೂ ಗೊತ್ತಾಯಿತು: ವರ್ಷವರ್ಷದ ಆ ದಪ್ಪ ಬಣ್ಣ, ಮೀನಂಗಡಿಯಿಂದಲೇ ಹಿಂದಿರುಗುತ್ತಿದ್ದದ್ದು, ಪೊಲೀಸರ ಸೀಟಿ ಕೇಳಿದರೆ ಊಟ ಬಿಟ್ಟು ಏಳುತ್ತಿದ್ದದ್ದು. ಮೂವತ್ತು ವರ್ಷ ಅವನು ಯಾರಿಗೂ ಹೇಳದೆ ಹೆದರಿದ್ದ. ಅವನನ್ನು ಪುಕ್ಕಲನೆಂದು ಅವಳೂ ಆಡಿಕೊಂಡಿದ್ದಳು. ನೆನೆದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಏಕೆಂದರೆ ಆ ಗುಟ್ಟು ಈಗ ಅವಳದಾಗಿತ್ತು.

ಪರೀಕ್ಷೆಯ ದಿನ ಹೋಯಿತು. ಅವಳು ಹೋಗಲಿಲ್ಲ. ಉಕ್ಕಿನ ಮೇಲೆ ಮತ್ತೆ ಹಳದಿ ಬಳಿದಳು, ಒಂದಲ್ಲ, ನಾಲ್ಕು ಸಲ.

ಎಂಟನೆಯ ತಾರೀಖು, ಹಬ್ಬದ ಬೆಳಿಗ್ಗೆ, ಅಮ್ಮ ಹಳದಿ ಉಡುಪು ತೊಟ್ಟು, ಸೂರ್ಯಕಾಂತಿ ಹೂಗಳನ್ನು ಹಿಡಿದು ಅಂಗಳಕ್ಕೆ ಬಂದಳು. ತಾನೇ ಕಂಬಿ ಹಿಡಿದು, ತೊಟ್ಟಿಲಿಗಿಳಿದು, ದಿಂಬಿಗೊರಗಿ ಕೂತಳು.

"ಹೊರಡೋಣ್ವಾ?"

ಒಡಾಲ್ಮಿಸ್ ಗೇಟಿನಾಚೆ ನೋಡಿದಳು. ಬೀದಿ ಖಾಲಿಯಿತ್ತು. ಆದರೂ ಗೇಟಿನ ಚಿಲಕ ತೆಗೆಯಲಿಲ್ಲ.

"ರಸ್ತೆ ಸರಿಯಿಲ್ಲ ಅಮ್ಮ," ಎಂದಳು.

ಎದೆಲ್ಮಿರಾ ಮಗಳ ಮುಖವನ್ನೇ ನೋಡಿದಳು. ಆಮೇಲೆ ಹೂಗಳನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

"ಒಂದ್ಸಲ ಸ್ಟಾರ್ಟಾದ್ರೂ ಮಾಡು ಮಗಳೇ. ಗೇಟು ಹಾಕೇ ಇರ್ಲಿ."