ಚೆಂಡುಹೂವಿನೊಳಗಿನ ಕರಿಯ ತಂತಿ

ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಸೆಲ್ವಿಗೆ ದೀಪಾಲಂಕಾರವು ಹಿರಿಯರಿಂದ ಬಂದ ವೃತ್ತಿಯಲ್ಲ. ಕೆಟ್ಟ ಸೀರಿಯಲ್ ಸೆಟ್ಟುಗಳನ್ನು ಬಿಚ್ಚಿ ನೋಡುವ ಚಪಲವೇ ಆಕೆಗೆ ಗುರುವಾಯಿತು. ಈಗ ಬಂಗಾರಪೇಟೆಯಿಂದ ಬೇತಮಂಗಲದವರೆಗೆ ಯಾವ ದೇವಿಗೆ ಅಪ್ಪಣೆಯಂತೆ ಬಣ್ಣ ಬದಲಿಸುವ ಎಲ್‌ಇಡಿ ಪಿಕ್ಸೆಲ್‌ಗಳ ಪ್ರಭಾವಳಿ ಬೇಕಾದರೂ ಆಕೆಗೇ ಕರೆ ಬರುತ್ತದೆ. ಎಡಗೈಗೆ ಗಾಜಿನ ಬಳೆ, ಬಲಗೈಗೆ ಕಪ್ಪು ಟೇಪಿನ ಸುರುಳಿ. ಇದು ಆಕೆಯ ನಿತ್ಯದ ಅಲಂಕಾರ. ಮನೆಯ ಕರೆಂಟನ್ನು ದೀಪಕ್ಕೆ ತಕ್ಕಷ್ಟು ಇಳಿಸಿಕೊಡುವ ತನ್ನ ಪವರ್ ಸಪ್ಲೈ ಪೆಟ್ಟಿಗೆಗಳಿಗೆ ಬಂಧುಗಳ ಹೆಸರಿಟ್ಟಿದ್ದಾಳೆ. ಸದಾ ಗೊಣಗುತ್ತ ಬೇಗನೆ ಬಿಸಿಯೇರುವ ಪೆಟ್ಟಿಗೆಯ ಹೆಸರು ಇಂದ್ರಾಣಿ, ಅಂದರೆ ಆಕೆಯ ಅತ್ತೆಯದು. ಅತ್ತೆಗೂ ಇದು ತಿಳಿದಿದೆ. ಸೊಸೆ ಮನೆಗೆ ಬಂದೊಡನೆ, ಇಂದು ತನ್ನ ಉಷ್ಣ ಎಷ್ಟಿತ್ತೆಂದು ಗಂಭೀರವಾಗಿಯೇ ವಿಚಾರಿಸುತ್ತಾಳೆ.

ಬೇತಮಂಗಲದ ಆಚೆಯ ಹಳ್ಳಿಯ ಅಶ್ವತ್ಥಮ್ಮನವರು ನವರಾತ್ರಿಗೆ ಸೆಲ್ವಿಯನ್ನು ಕರೆಸಿದ್ದಕ್ಕೆ ಕಾರಣವಿತ್ತು. ಅವರ ಮಕ್ಕಳಾದ ರಾಮಚಂದ್ರಪ್ಪನೂ ಚಿರಂಜೀವಿಯೂ ಹಸು, ಹೊಲ, ಅಂಗಳಗಳನ್ನೆಲ್ಲ ಭಾಗ ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದ್ದರು. ಗೋಡೆಯು ಅಂಗಳದ ಗಂಗಮ್ಮನ ಗುಡಿಯ ಬಳಿ ಬಂದು ನಿಂತಿತ್ತು. ದೇವಿಯನ್ನು ಸೀಳುವಷ್ಟು ಧೈರ್ಯ ಇಬ್ಬರಿಗೂ ಇರಲಿಲ್ಲ. ಅಂದಿನಿಂದ ಅಣ್ಣನದೊಂದು ಆರತಿ, ತಮ್ಮನದೊಂದು ಆರತಿ. ಇಬ್ಬರೂ ಒಂದೇ ಮಂಗಳಾರತಿಗೆ ಜೊತೆಯಾಗಿ ನಿಲ್ಲುವುದನ್ನು ನೋಡಬೇಕೆಂಬುದೊಂದೇ ತಾಯಿಯ ಬೇಡಿಕೆ. ಅದಕ್ಕಾಗಿ ಮುದುಕಿ ಉಪಾಯ ಹೂಡಿ, ಗುಡಿಯ ಮೇಲೆ ಅಗಲವಾದ ದೀಪದ ನವಿಲೊಂದನ್ನು ಕಟ್ಟಿಸಿದರು: ಮೈ ಅಣ್ಣನ ಕಡೆಗೆ, ಗರಿ ತಮ್ಮನ ಕಡೆಗೆ.

ಅಷ್ಟು ದೊಡ್ಡ ನವಿಲಿಗೆ ಒಂದೇ ಪೆಟ್ಟಿಗೆ ಸಾಲದು. ಕಾಲುವೆಯ ತುದಿಯ ಗದ್ದೆಗೆ ನೀರು ತಲುಪದ ಹಾಗೆ, ಕರೆಂಟು ಸಾಲದೆ ಗರಿಯ ತುದಿಯ ಬಿಳುಪು ಕೆಂಪಗೆ ಸೊರಗುತ್ತದೆ. ಆದ್ದರಿಂದ ಅಣ್ಣನ ಮನೆಯ ಕರೆಂಟಿಗೆ ಇಂದ್ರಾಣಿ, ತಮ್ಮನ ಮನೆಯ ಕರೆಂಟಿಗೆ ಇನ್ನೊಂದು ಪೆಟ್ಟಿಗೆ. ಎರಡರ ಕೆಂಪು ತಂತಿಗಳು ಸೇರಬಾರದು, ಕರಿಯ ತಂತಿಗಳು ಸೇರಲೇಬೇಕು ಎಂದಳು ಸೆಲ್ವಿ. ಅಣ್ಣ ಒಪ್ಪಲಿಲ್ಲ.

“ಅವನ ವೈರು ನನ್ನ ವೈರ್ಗೆ ತಾಕ್ಕೂಡ್ದು ಕಣಮ್ಮ.”

“ಅಣ್ಣಾ, ಕರೀದು ಅಂದ್ರೆ ನೆಲ ಇದ್ದಂಗೆ. ಇಬ್ರುಗೂ ಒಂದೇ ಇರ್ಬೇಕು.”

“ನೆಲಾನೂ ಬಾಗ ಆಗೋಯ್ತು,” ಎಂದ ಗೋಡೆಯಾಚೆಯಿಂದ ಚಿರಂಜೀವಿ. ಆ ವರ್ಷ ಸೋದರರು ಒಮ್ಮತಕ್ಕೆ ಬಂದ ಮಾತು ಅದೊಂದೇ.

ಸೆಲ್ವಿ ಹಾಲಿನ ಉದಾಹರಣೆ ಕೊಟ್ಟಳು. ಒಂದು ಕ್ಯಾನನ್ನು ಜಗಲಿಯ ಮೇಲೂ ಇನ್ನೊಂದನ್ನು ಅಂಗಳದಲ್ಲೂ ಇಟ್ಟರೆ ಯಾವುದರ ಹಾಲು ಎಷ್ಟೆತ್ತರವೆಂದು ಹೋಲಿಸಲಾಗದು. ಹಾಗೆಯೇ, ನೆಲ ಬೇರೆಯಾದರೆ ನವಿಲಿನ ಮೈ ಕಳಿಸುವ ಬಣ್ಣದ ಅಪ್ಪಣೆ ಗರಿಗೆ ತಿಳಿಯದು. ಯಾರೂ ಕೇಳಲಿಲ್ಲ. ಅವರ ಮಾತಿನಂತೆಯೇ ಕರಿಯ ತಂತಿಗಳನ್ನು ಬೆಸೆಯದೆ ಸ್ವಿಚ್ಚು ಒತ್ತಿದಳು. ಮೈಯೇನೋ ಶಾಂತವಾಗಿ ನೀಲಿಯಾಯಿತು. ಗರಿ ಮಾತ್ರ ದೆವ್ವ ಹೊಕ್ಕಂತೆ ಹಸಿರು ಕೆಂಪುಗಳಲ್ಲಿ ಕುಣಿಯಿತು. ಅಣ್ಣ ತಮ್ಮನ ಕರೆಂಟನ್ನು ಹಳಿದ, ತಮ್ಮ ಅಣ್ಣನ ನವಿಲನ್ನು ಹಳಿದ.

ಇಬ್ಬರೂ ಹಾಲು ಹಾಕಲು ಡೈರಿಗೆ ಹೋದಾಗ ಸೆಲ್ವಿಯೂ ಅಶ್ವತ್ಥಮ್ಮನವರೂ ಪರಸ್ಪರ ನೋಡಿಕೊಂಡರು. ಬಳಿಕ ದೇವಿಗೆ ಅಡ್ಡಲಾಗಿ ಗುಡಿಯ ಈ ಬದಿಯಿಂದ ಆ ಬದಿಗೆ ಇಳಿಬಿಡುವ ಚೆಂಡುಹೂವಿನ ಮಾಲೆಯೊಳಗೆ ಕರಿಯ ತಂತಿಯೊಂದು ಹೊಕ್ಕು, ಎರಡು ಪೆಟ್ಟಿಗೆಗಳಿಗೂ ನೆಲವನ್ನು ಒಂದುಗೂಡಿಸಿತು.

ಸಂಜೆ ನವಿಲು ಅಖಂಡವಾಗಿ ಬೆಳಗಿತು. ತಂತಿ ಸೇರಿಸಲು ಒಪ್ಪಿ ಇನ್ನೊಬ್ಬನೇ ಸೋತಿರಬೇಕೆಂದು ಬಗೆದು ಸೋದರರಿಬ್ಬರೂ ತಮ್ಮ ತಮ್ಮ ಆರತಿಯ ತಟ್ಟೆ ಹಿಡಿದು, ತಮ್ಮ ತಮ್ಮ ಭಾಗದಲ್ಲಿ ಬೀಗುತ್ತ ನಿಂತರು. ಆದರೆ ಭಾಗವಾದ ಮೇಲೆ ಆ ಮನೆಯಲ್ಲಿ ಹುಟ್ಟಿದ್ದ ಸಂಪ್ರದಾಯವೊಂದನ್ನು ಸೆಲ್ವಿ ಅರಿಯಳು, ಅಶ್ವತ್ಥಮ್ಮ ಗಡಿಬಿಡಿಯಲ್ಲಿ ಮರೆತಿದ್ದರು. ಆರತಿಗೆ ಮುನ್ನ ಮಾಲೆಯನ್ನು ಗೇಣಿನಿಂದಳೆದು ಸರಿಯಾಗಿ ನಡುವೆ ಕತ್ತರಿಸಿ ಹಂಚಿಕೊಳ್ಳಬೇಕು. ರಾಮಚಂದ್ರಪ್ಪ ತಟ್ಟೆ ಕೆಳಗಿಟ್ಟು ಅಳೆದ, ಕುಡುಗೋಲನ್ನು ಎಳೆದ. ಗರಿಗೆ ಮತ್ತೆ ದೆವ್ವ ಹೊಕ್ಕಿತು.

ಹೂವಿನೊಳಗಿಂದ ಇಣುಕಿದ ತಂತಿಯ ತುಂಡುಗಳನ್ನು ಇಬ್ಬರೂ ದಿಟ್ಟಿಸಿದರು. ಅವರು ಬಾಯಿ ತೆರೆಯುವ ಮೊದಲೇ ಸೆಲ್ವಿ ಎರಡು ತುದಿಗಳನ್ನೂ ಹಲ್ಲಿನಿಂದ ಸುಲಿದು, ಒಂದನ್ನು ಅಣ್ಣನಿಗೂ ಮತ್ತೊಂದನ್ನು ತಮ್ಮನಿಗೂ ಹಿಡಿಸಿದಳು.

“ಒಂದುಕ್ಕೊಂದು ತಾಕಿಸ್ಕಂಡು ಇಡ್ಕಳಿ. ಐದೇ ವೋಲ್ಟು, ಏನೂ ಮಾಡಲ್ಲ. ನಾನು ಟೇಪು ಉಡುಕ್ತೀನಿ.”

ತಾಕಿಸಿದರು, ನವಿಲು ಶಾಂತವಾಯಿತು. ಚಿರಂಜೀವಿ ಕೈ ಬಿಟ್ಟು ನೋಡಿದ, ಗರಿ ಕೆರಳಿತು. ನೆರೆದವರು ನಕ್ಕರು. “ನೆಟ್ಟಗೆ ಇಡ್ಕಳ್ಲಾ,” ಎಂದ ಅಣ್ಣ. ಗೋಡೆ ಎದ್ದ ಮೇಲೆ ಅವನು ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ತಂತಿ ಗಿಡ್ಡವಾದ್ದರಿಂದ ಭುಜಕ್ಕೆ ಭುಜ ತಾಗಿಸಿಯೇ ನಿಲ್ಲಬೇಕಾಯಿತು.

ಅಶ್ವತ್ಥಮ್ಮ ಇಬ್ಬರ ಆರತಿಯ ತಟ್ಟೆಗಳನ್ನೂ ತೆಗೆದುಕೊಂಡು, ಒಂದನ್ನು ಪಕ್ಕಕ್ಕಿಟ್ಟು ಇನ್ನೊಂದರಲ್ಲಿ ಕರ್ಪೂರ ಹಚ್ಚಿ ಹಾಡಲಾರಂಭಿಸಿದರು. ಸೆಲ್ವಿ ಚೀಲವನ್ನು ತಳದವರೆಗೆ ತಡಕುತ್ತಲೇ ಇದ್ದಳು. ಹಾಡು ಮುಗಿಯುವ ವೇಳೆಗೆ, ಅವಳ ಬಲಮುಂಗೈಯಲ್ಲಿ ಹೊಳೆಯುತ್ತಿದ್ದ ಕಪ್ಪು ಟೇಪಿನ ಸುರುಳಿ ಮುದುಕಿಯ ಕಣ್ಣಿಗೆ ಬಿತ್ತು. ಅವರು ಸದ್ದಿಲ್ಲದೆ ಅವಳ ಸೆರಗನ್ನು ಎಳೆದು ಆ ಕೈಯ ಮೇಲೆ ಹೊದಿಸಿ, ಎರಡನೆಯ ಹಾಡನ್ನು ಎತ್ತಿಕೊಂಡರು.