ಕರಕುಶಲ ಕೊಠಡಿಯ ಹಲಸಿನ ಬೋರ್ಡು

ನಮ್ಮ ಬೀದಿಯ ಸಮುದಾಯ ಭವನದಲ್ಲಿ ಹೆಸರಿಲ್ಲದ ವಸ್ತು ಒಂದೂ ಇಲ್ಲ. ಫ್ಯಾನು ತಿರುಗುವಾಗ ಗಾಳಿ ಬರುತ್ತದೆ, ನಿಂತಾಗ ರೆಕ್ಕೆಯ ಮೇಲೆ ದಾನಿಯ ಹೆಸರು ಕಾಣುತ್ತದೆ. ಬೆಂಚಿನ ಮೇಲೆ ಕುಳಿತರೆ ಯಾರದೋ ತೀರ್ಥರೂಪರ ಸ್ಮರಣಾರ್ಥದ ಮೇಲೆಯೇ ಕುಳಿತಂತೆ. ಪಾಯಸದ ಕೊಪ್ಪರಿಗೆಯಿಂದ ನೀರಿನ ಚೊಂಬಿನವರೆಗೆ ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿದೆ. ಹೊಸನಗರದಲ್ಲಿ ಹುಟ್ಟಿದ ಮಗುವಿಗೆ ಹೆಸರಿಡುವುದು ತಡವಾದೀತು, ದಾನ ಕೊಟ್ಟ ಸ್ಟೀಲ್ ಬಕೆಟ್ಟಿಗೆ ತಡವಾಗುವುದಿಲ್ಲ.

ಆ ಭವನದ ಹಿಂದೆ ಒಂದು ಕೊಠಡಿ ಖಾಲಿ ಬಿದ್ದಿತ್ತು. ಅದನ್ನು ನಾನು ಕೇಳಿದ್ದು ಅತ್ತಿಗೆಗಾಗಿ.

ಅತ್ತಿಗೆ ಎಂದರೆ ತೀರಿಕೊಂಡ ನನ್ನ ಅಣ್ಣನ ಹೆಂಡತಿ. ತೀರ್ಥಹಳ್ಳಿ ಕಡೆಯ ಮೇಗರವಳ್ಳಿಯವರು. ಬೆಂಡಿನಲ್ಲಿ ಬಾಸಿಂಗ ಮಾಡುವುದು, ಮದುವೆಯ ಮಣೆಗೆ ಚಿತ್ತಾರ ಬರೆಯುವುದು, ಬಣ್ಣದ ಕಾಗದದ ಮಾಲೆ ಕತ್ತರಿಸುವುದು, ಇವೆಲ್ಲ ಅವರ ಕೈಗೆ ಉಸಿರಾಟದಷ್ಟು ಸಲೀಸು. ಈಗ ಅವರಿರುವುದು ಮಗಳ ಬಾಡಿಗೆ ಮನೆಯಲ್ಲಿ. ಅಳಿಯನಿಗೆ ಬಣ್ಣದ ವಾಸನೆ ಬಂದರೆ ಸೀನು. ಮೆಟ್ಟಿಲ ಮೇಲೆ ಕೂತು ಮಾಡಿದರೆ ಮನೆ ಮಾಲೀಕರ ಗೊಣಗಾಟ. ಕುಂಚ, ಬೆಂಡು, ಮಣಿಯ ಡಬ್ಬಗಳೆಲ್ಲ ಗೋಣಿಚೀಲ ಸೇರಿ ಮಂಚದಡಿ ಹೋಗಿದ್ದವು. "ಅಮ್ಮಾ, ಇನ್ನು ಸಾಕು, ಯಾರಿಗಾದ್ರೂ ಕೊಟ್ಬಿಡು" ಎಂದು ಮಗಳು ಹೇಳಿದ್ದಳು. ಅತ್ತಿಗೆ ಕೊಡಲು ಹೆಚ್ಚು ಕಡಿಮೆ ಒಪ್ಪಿಯೂ ಬಿಟ್ಟಿದ್ದರು. ಕೂರಲು ಒಂದು ಜಾಗ ಸಿಗದಿದ್ದರೆ ಆ ಕೆಲಸ ಅವರ ಕೈಯಿಂದ ಹೋದಂತೆಯೇ.

ನನ್ನ ಉದ್ಯೋಗವೆಲ್ಲ ಕಳೆದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಅಲ್ಲಿ ಕೆಲಸವೆಂದರೆ ಒಂದು ಕ್ರಮ. ಕ್ರಮ ತಪ್ಪಿದರೆ ಯಾರಿಗಾದರೂ ಜ್ವರ ಏರುತ್ತದೆ. ಹಾಗಾಗಿ ನೇರವಾಗಿ ಭವನದ ಅಧ್ಯಕ್ಷರ ಮನೆಗೇ ಹೋದೆ.

"ರೂಮು ಕೊಡೋದಕ್ಕೆ ನಮ್ದೇನೂ ಅಡ್ಡಿ ಇಲ್ಲ ಸಿಸ್ಟ್ರೇ" ಎಂದರು ಅಧ್ಯಕ್ಷರು. "ಆದ್ರೆ ಒಂದು ಬೋರ್ಡು ಆಗ್ಬೇಕು. ಬೋರ್ಡಿಲ್ದೆ ಕೊಟ್ರೆ ಕೊಟ್ಟಂಗೇ ಆಗೋದಿಲ್ಲ. ಮದುವೆ ಸೀಸನ್ ಶುರುವಾಗೋದ್ರೊಳಗೆ ಹಾಕ್ಬಿಡಿ. ಇಲ್ಲಾಂದ್ರೆ ಪಾತ್ರೆ ಇಡೋದಕ್ಕೆ ಆ ರೂಮು ಬೇಕು ಅಂತ ಎಲ್ರೂ ನನ್ನ ತಲೆ ತಿಂತಿದ್ದಾರೆ."

ಮರದ ಬೋರ್ಡು ಮಾಡುವುದು, ಅದನ್ನು ನಾವೇ ಮಾಡುವುದು ಎಂದು ಅತ್ತಿಗೆ, ನಾನು ತೀರ್ಮಾನಿಸಿದೆವು. ಕರಕುಶಲ ಕೊಠಡಿಗೆ ಪ್ಲಾಸ್ಟಿಕ್ ಫ್ಲೆಕ್ಸ್ ಕಟ್ಟಿದರೆ ಒಳಗಿನವರು ಮುಖ ತೋರಿಸುವುದು ಹೇಗೆ?

ಹಲಗೆ ನಿಟ್ಟೂರಿನಿಂದ ಬಂತು. ದೂರದ ಸಂಬಂಧದ ಭಾವ ಒಬ್ಬರು ಸ್ವತಃ ಬಸ್ಸಿನಲ್ಲಿ ತಂದರು. ಅವರಿಗೆ ಸೀಟು ಸಿಗಲಿಲ್ಲವಂತೆ, ಹಲಗೆಗೆ ಸಿಕ್ಕಿತಂತೆ. "ಹಲಸಿಂದು. ನಮ್ಮಜ್ಜ ಅಮಾಸೆ ನೋಡಿ ಕಡಿಸಿದ ಮರ. ಹುಳ ಹತ್ರಾನೂ ಬರೋದಿಲ್ಲ" ಎಂದು ಅದನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಬಣ್ಣ ಕೊಟ್ಟವರು ಸಾಗರದ ಅಂಗಡಿಯವರು, ಅಣ್ಣನ ಸಹಪಾಠಿ. ಯಾವ ಗೃಹಸ್ಥನೂ ತನ್ನ ಗೋಡೆಗೆ ಬಳಿಯಲು ಒಪ್ಪದೆ ಉಳಿದ ಬಣ್ಣಗಳು: ಗಿಣಿಹಸಿರು, ಗುಲಾಬಿ, ಒಂದು ಬಗೆಯ ನೇರಳೆ. ಅತ್ತಿಗೆ ಡಬ್ಬದ ಮುಚ್ಚಳ ತೆಗೆದು ನೋಡಿ, ಕಳೆದುಹೋದ ಒಡವೆ ಸಿಕ್ಕವರಂತೆ ನಕ್ಕರು. ಹಳದಿ, ಕೆಮ್ಮಣ್ಣು, ಬಿಳಿ ಅವರ ಚೀಲದಲ್ಲೇ ಇದ್ದವು.

ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ, ಹಲಗೆ ಇಟ್ಟರೆ ಇಬ್ಬರಿಗೇ ಇಕ್ಕಟ್ಟಾಗುವ ಜಾಗದಲ್ಲಿ, ಕೆಲಸ ಶುರುವಾಯಿತು. ಅಕ್ಷರ ನನ್ನದು, ಚಿತ್ತಾರ ಅವರದು. ನಾನು ಹಲಗೆಯನ್ನು ನಾರಿನ ದಿಕ್ಕಿಗೇ ಉಜ್ಜಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರೈಮರ್ ಬಳಿದು, ಒಣಗಿಸಿ, ಮತ್ತೆ ಉಜ್ಜಿ, ಆಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿದೆ.

"ಸಿಸ್ಟರಮ್ಮಾ, ಇದು ಹಲಗೆ ಮಾರಾಯ್ತಿ, ಆಪರೇಷನ್ ಅಲ್ಲ" ಎಂದರು ಅತ್ತಿಗೆ.

"ಒಣಗೋ ತನಕ ಮುಟ್ಬೇಡಿ ಅತ್ತಿಗೆ."

"ಮುಟ್ಟೋದಿಲ್ಲ. ಜ್ವರ ಎಷ್ಟಿದೆ ನೋಡಿ ಹೇಳು."

ಅಷ್ಟು ಹೇಳಿದವರು ನಾನು ಕಾಫಿಗೆ ಒಳಗೆ ಹೋದಾಗ ಮುಟ್ಟಿಯೇ ಇದ್ದರು. ಹಳದಿಯ ಮೇಲೆ ಅವರ ಹೆಬ್ಬೆರಳ ಗುರುತು ಬಿತ್ತು. ಅದನ್ನು ಅವರೇ ನವಿಲಿನ ಕಣ್ಣಾಗಿ ಮಾಡಿ ಮುಗಿಸಿದರು. ಕೊನೆಗೆ ಬೋರ್ಡು ಹೀಗಿತ್ತು: ಹಳದಿ ನೆಲ, ಕೆಮ್ಮಣ್ಣಿನ ಬಣ್ಣದ ಅಂಚು, ಅಂಚಿನೊಳಗೆ ಬಿಳಿಯ ಎಳೆ ಚಿತ್ತಾರ, ಒಂದು ಬದಿಗೆ ನೇರಳೆ ನವಿಲು, ನಡುವೆ ಗಿಣಿಹಸಿರಿನಲ್ಲಿ ದಪ್ಪ ಅಕ್ಷರ: ಕರಕುಶಲ ಕೊಠಡಿ. ಬೀದಿಯ ಆ ತುದಿಯಿಂದಲೂ ಓದಬಹುದಿತ್ತು.

ಅಲ್ಲಿಗೇ ತೂಗುಹಾಕಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಕೊಟ್ಟವರಿಗೆ ತೋರಿಸದೆ ಹಾಕುವುದು ಮರ್ಯಾದೆಯಲ್ಲ ಎಂದು ನಿಟ್ಟೂರಿನ ಭಾವನನ್ನು ಕರೆದೆ. ಅವರು ಬೋರ್ಡಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು.

"ಚೆಂದ ಆಗಿದೆ. ಹಲಗೆ ಯಾರ್ದು ಅಂತ ಜನಕ್ಕೆ ಹೆಂಗೆ ಗೊತ್ತಾಗ್ತದೆ?"

ಬುಡದಲ್ಲಿ ಸಣ್ಣದಾಗಿ ಅವರ ಹೆಸರು ಬರೆದೆ. ಸುದ್ದಿ ಸಾಗರಕ್ಕೆ ನನಗಿಂತ ಮೊದಲು ತಲುಪಿತು. ಬಣ್ಣದವರು ಫೋನು ಮಾಡಿದರು. ಅವರಿಗೆ ಹೆಸರಿನ ಆಸೆ ಏನೇನೂ ಇಲ್ಲವಂತೆ. ಆದರೆ ಹಲಗೆಯವರ ಹೆಸರಿಗಿಂತ ತಮ್ಮದು ಚಿಕ್ಕದಾದರೆ ಅಂಗಡಿಗೆ ಬರುವವರು ಏನೆಂದುಕೊಂಡಾರು ಎಂಬುದಷ್ಟೇ ಯೋಚನೆಯಂತೆ. ಇಬ್ಬರ ಹೆಸರನ್ನೂ ಒಂದೇ ಎತ್ತರಕ್ಕೆ ತಂದೆ. ಅದಕ್ಕಾಗಿ ಕರಕುಶಲ ಕೊಠಡಿ ಸ್ವಲ್ಪ ಮೇಲೆ ಸರಿದು ಸ್ವಲ್ಪ ತೆಳ್ಳಗಾಯಿತು.

ಆಮೇಲೆ ಅಧ್ಯಕ್ಷರು ಬಂದರು. "ಕೆಳಗೆ ದಾನಿಗಳಿದ್ದಾರೆ, ಸರಿ. ಮೇಲೆ ಅಧ್ಯಕ್ಷರು ಬರೋದು ಪದ್ಧತಿ ಸಿಸ್ಟ್ರೇ. ನನಗೋಸ್ಕರ ಹೇಳ್ತಿಲ್ಲ, ಹುದ್ದೆಗೋಸ್ಕರ."

ಹುದ್ದೆಗೋಸ್ಕರ ಎಂದವರು, ತಾವು ಹಿಂದೆ ಬಿಟ್ಟ ಹುದ್ದೆಗಳನ್ನೂ 'ಮಾಜಿ' ಸೇರಿಸಿ ಹೇಳಿದರು. ಜೊತೆಗೆ ಉಪಾಧ್ಯಕ್ಷರು, ಕಾರ್ಯದರ್ಶಿಗಳು, ಉದ್ಘಾಟಕರು. ಉದ್ಘಾಟಕರು ಯಾರೆಂದು ಇನ್ನೂ ಗೊತ್ತಾಗಿರಲಿಲ್ಲ, ಅವರಿಗೆ ಜಾಗ ಮಾತ್ರ ಬಿಡಬೇಕಿತ್ತು. ಜಾಗಕ್ಕಾಗಿ ನವಿಲಿನ ಬಾಲ ಹೋಯಿತು. ಆಮೇಲೆ ನವಿಲೇ ಹೋಯಿತು. ಬಳಿಯುವಾಗ ಕಣ್ಣಿದ್ದ ಜಾಗಕ್ಕೆ ಮಾತ್ರ ಅತ್ತಿಗೆ ತಾವೇ ಹಳದಿ ಹಚ್ಚಿದರು. ಕೊನೆಗೆ ಕರಕುಶಲ ಕೊಠಡಿ ಎಂಬುದು ಬಲಗಡೆಯ ಮೂಲೆಯಲ್ಲಿ, ಮಾತ್ರೆಯ ಹಾಳೆಯ ಮೇಲೆ ಮುಗಿಯುವ ತಾರೀಕು ಇರುತ್ತದಲ್ಲ, ಅಷ್ಟು ಗಾತ್ರದಲ್ಲಿ ಉಳಿಯಿತು.

ಕೊಠಡಿಯ ಬಾಗಿಲ ಮೇಲೆ ಗಾಜಿಲ್ಲದ ಅಗಲವಾದ ವೆಂಟಿಲೇಟರ್ ಇತ್ತು. ಅದಕ್ಕೆ ಸರಪಳಿಯಿಂದ ಬೋರ್ಡನ್ನು ತೂಗುಹಾಕಿದೆವು. ಅಧ್ಯಕ್ಷರು ತಮ್ಮ ಹೆಸರನ್ನು ಓದಿ, ಸ್ವಲ್ಪ ಹಿಂದೆ ಸರಿದು ಮತ್ತೆ ಓದಿ, "ಈಗ ಬೋರ್ಡಿನಂಗೆ ಕಾಣ್ತದೆ" ಎಂದರು. ಅತ್ತಿಗೆಯ ಗೋಣಿಚೀಲಗಳು ಮಂಚದಡಿಯಿಂದ ಹೊರಟು ಕೊಠಡಿ ಸೇರಿದವು.

ಮಾರನೆಯ ದಿನವೇ ನಾವಿಬ್ಬರೂ ಬಂದಾಗ ಕೊಠಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ನೆಲದಿಂದ ಕಿಟಕಿಯವರೆಗೆ ಕೊಪ್ಪರಿಗೆ, ಬೋಗುಣಿ, ಅನ್ನದ ಚಿಬ್ಬಲು. ಅತ್ತಿಗೆಯ ಚೀಲಗಳು ಹೊರಗೆ ಜಗಲಿಯಲ್ಲಿದ್ದವು. ಒಂದರ ಬಾಯಿ ಬಿಚ್ಚಿ ಮಣಿಗಳು ನೆಲದ ತುಂಬ ಉರುಳಿದ್ದವು. ಪಾತ್ರೆಗಳ ಉಸ್ತುವಾರಿಯವನು ಕೊನೆಯ ಕೊಳಗ ಹೊತ್ತು ಬರುತ್ತಿದ್ದ.

"ಯಾರು ಹೇಳಿದ್ದು ಇಲ್ಲಿ ಇಡೋದಕ್ಕೆ?" ಎಂದೆ.

"ಯಾರು ಹೇಳ್ಬೇಕು? ಬೋರ್ಡೇ ಇದೆಯಲ್ಲ ಅಮ್ಮಾ." ಅವನು ಕೊಳಗವನ್ನು ತಿರುಗಿಸಿ ಅದರ ಮೇಲಿನ ಅಧ್ಯಕ್ಷರ ಹೆಸರು ತೋರಿಸಿದ, ಆಮೇಲೆ ಬೋರ್ಡು ತೋರಿಸಿದ. "ಇದ್ರ ಮೇಲೆ ಯಾರ ಹೆಸ್ರು ಇದೆಯೋ ಅವ್ರದ್ದೇ ಅಲ್ಲೂ ಇದೆ. ಇದು ಪಾತ್ರೆ ರೂಮಲ್ದೆ ಇನ್ನೆಂತದು?"

ತಪ್ಪು ಅವನದಲ್ಲ. ನಮ್ಮ ಊರಿನಲ್ಲಿ ಬೋರ್ಡು ಓದಲು ಕಲಿತವರು ಯಾರೇ ಆದರೂ ಹಾಗೆಯೇ ಓದುತ್ತಿದ್ದರು.

ಅತ್ತಿಗೆ ಕೆಳಗೆ ಕೂತು ಮಣಿ ಆಯುತ್ತಿದ್ದರು. "ಸಾಕು ಬಿಡು ಮಾರಾಯ್ತಿ" ಎಂದರು. "ಮಗಳು ಹೇಳಿದ್ದೇ ಸರಿ. ಚೀಲ ಯಾರಿಗಾದ್ರೂ ಕೊಟ್ಬಿಡ್ತೀನಿ. ಈ ವಯಸ್ಸಲ್ಲಿ ಕೊಪ್ಪರಿಗೆ ಜೊತೆ ಜಗಳ ಆಡೋಕಾಗ್ತದಾ?"

ನಾನು ಸೆರಗು ಸಿಕ್ಕಿಸಿಕೊಂಡೆ. ವಾರ್ಡಿನಲ್ಲಿ ರೋಗಿ ತಪ್ಪು ಹಾಸಿಗೆಯಲ್ಲಿ ಮಲಗಿದ್ದರೆ ರೋಗಿಯೊಡನೆ ಚರ್ಚೆಗೆ ಕೂರುವುದಿಲ್ಲ, ಹಾಸಿಗೆ ಬದಲಿಸುತ್ತೇವೆ. ಉಸ್ತುವಾರಿಯವನಿಗೆ ಪಾತ್ರೆಗಳನ್ನೆಲ್ಲ ಅವು ಮೊದಲಿದ್ದ ಜಾಗಕ್ಕೇ ಸಾಗಿಸಲು ಹೇಳಿದೆ. ನನ್ನ ದನಿ ಕೇಳಿ ಅವನು ಹೊತ್ತ ಕೊಳಗದೊಂದಿಗೇ ಹಿಂದಿರುಗಿದ. ಬೋರ್ಡನ್ನು ಇಳಿಸಿ ಬೋರಲು ಹಾಕಿದೆ. ಹಿಂಬದಿ ಬೋಳಾಗಿತ್ತು.

"ಅತ್ತಿಗೆ, ಕುಂಚ ತೆಗೀರಿ."

"ಪ್ರೈಮರ್ ಹಚ್ಚೋದಿಲ್ವಾ?" ಎಂದು ಅವರು ನನ್ನನ್ನೇ ನೋಡಿದರು.

"ಹಚ್ಚೋದಿಲ್ಲ."

ಅವರು ಚೀಲದ ಬಾಯಿ ಪೂರ್ತಿ ಬಿಚ್ಚಿದರು. ಹಲಸಿನ ಮರಕ್ಕೆ ಅದರದೇ ಹಳದಿ ಇತ್ತು, ನೆಲಕ್ಕೆ ಬಣ್ಣವೇ ಬೇಕಾಗಲಿಲ್ಲ. ಪೆನ್ಸಿಲ್ ಗೆರೆಯನ್ನೂ ಹಾಕಲಿಲ್ಲ. ಈ ಸಲ ಅಕ್ಷರವನ್ನೂ ಅತ್ತಿಗೆಯೇ ಬರೆದರು. ಅವರ ಅಕ್ಷರಗಳು ಒಂದಕ್ಕೊಂದು ಒರಗಿ, ಪಂಕ್ತಿಯಲ್ಲಿ ಊಟಕ್ಕೆ ಕೂತು ಹರಟುವವರಂತೆ ಕಂಡವು. ನನ್ನ ಕೈ ಅವನ್ನು ನೇರ ಮಾಡಲು ಹೋಗಿ ಹಿಂದೆ ಬಂತು. ನವಿಲಿಗೆ ಬಾಲ ಅಂಚು ದಾಟುವಷ್ಟು ಉದ್ದವಿತ್ತು. ಒಣಗಿದ ಮೇಲೆ ಹೊಸ ಮುಖ ಜಗಲಿಗೆ, ಹೆಸರುಗಳ ಮುಖ ಕೊಠಡಿಯೊಳಗೆ ಬರುವಂತೆ ತಿರುಗಿಸಿ ತೂಗುಹಾಕಿದೆವು.

ಅಧ್ಯಕ್ಷರು ಬಂದರು. ಏದುಸಿರು ಬಿಡುತ್ತಿದ್ದರು.

"ನಮ್ಮ ಹೆಸ್ರು ಎಲ್ಲಿ ಸಿಸ್ಟ್ರೇ?"

"ಒಳಗಡೆ ಇದೆ. ಯಾರದ್ದೂ ಅಳಿಸಿಲ್ಲ."

"ಒಳಗಿದ್ರೆ ಯಾರು ನೋಡ್ತಾರೆ?"

"ಹೊರಗೆ ದಾಟಿ ಹೋಗೋರು ಒಂದು ಸಲ ನೋಡ್ತಾರೆ. ಒಳಗೆ ಕೆಲ್ಸ ಮಾಡೋರು ತಲೆ ಎತ್ತಿದಾಗೆಲ್ಲ ನೋಡ್ತಾರೆ. ಬಿಸಿಲು ಬೀಳೋದಿಲ್ಲ, ಬಣ್ಣ ಮಾಸೋದಿಲ್ಲ. ನಿಮಗೆ ಯಾವ್ದು ಬೇಕು ಹೇಳಿ."

ಅವರು ಲೆಕ್ಕ ಹಾಕುತ್ತಿದ್ದುದು ಹಣೆಯಲ್ಲಿ ಕಾಣುತ್ತಿತ್ತು. ನಿಟ್ಟೂರಿನ ಭಾವ ಅದಾಗಲೇ ಫೋನಿನಲ್ಲಿ ಒಪ್ಪಿಗೆ ಕೊಟ್ಟಾಗಿತ್ತು. ಎರಡೂ ಬದಿ ಬಳಸಿದ್ದರಿಂದ ತಾವು ಎರಡು ಹಲಗೆ ಕೊಟ್ಟಂತಾಯಿತು ಎಂದು ಅವರ ಸಂತೋಷ. ಅದನ್ನು ಹೇಳಿದೆ. ಅಧ್ಯಕ್ಷರು ಚಪ್ಪಲಿ ಬಿಟ್ಟು ಒಳಗೆ ಹೋದರು. ಭವನ ಕಟ್ಟಿ ಇಷ್ಟು ಕಾಲವಾದರೂ ಅವರು ಆ ಕೊಠಡಿಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಈಗ ಮದುವೆಯ ದಿನಗಳಲ್ಲಿ ಅವರು ಗಣ್ಯರನ್ನು ಊಟದ ಸಾಲಿನಿಂದ ನೇರ ಇಲ್ಲಿಗೇ ಕರೆತರುತ್ತಾರೆ. ಗಣ್ಯರು ಕತ್ತೆತ್ತಿ ಹೆಸರು ಓದಿದಂತೆ ಮಾಡಿ, ಕತ್ತು ಇಳಿಸಿದಾಗ ಬಾಸಿಂಗಗಳನ್ನು ನೋಡುತ್ತಾರೆ. ಅವರ ಜೊತೆ ಬಂದ ಹೆಂಗಸರು ಅತ್ತಿಗೆಯ ಪಕ್ಕ ಕೂತೇಬಿಡುತ್ತಾರೆ. ಮೊನ್ನೆಯೂ ಒಬ್ಬರನ್ನು ಕರೆತಂದ ಅಧ್ಯಕ್ಷರು ಕಿಟಕಿಗೆ ಬೆನ್ನು ಹಾಕಿ ನಿಂತು, ಮಾಜಿ ಹುದ್ದೆಗಳಿಂದ ಶುರು ಮಾಡಿ ವಿವರಿಸುತ್ತಿದ್ದರು.

"ಸ್ವಲ್ಪ ಆಚೆ ಸರ್ಕೊಳ್ಳಿ, ಬೆಳಕಿಗೆ ಅಡ್ಡ ಆಗ್ತದೆ" ಎಂದರು ಅತ್ತಿಗೆ, ತಲೆ ಎತ್ತದೆ.

ಅಧ್ಯಕ್ಷರು ಸರಿದು ನಿಂತರು.